ಹೊಸ್ತಿಲು ದಾಟದ ಸೀತಾಳೆ ದಂಡೆ

ಸೀತಾಳೆ ದಂಡೆಯ ಹೂವನ್ನು ಮನೆಯೊಳಗೆ ತರಬಾರದು ಎನ್ನುವ ಶಾಸ್ತ್ರ ಯಾವ ಪುರಾಣದಲ್ಲೂ ಇಲ್ಲ, ಯಾವ ಪಂಚಾಂಗದಲ್ಲೂ ಇಲ್ಲ. ಅದು ಹುಟ್ಟಿದ್ದು ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸ್ ಸಾಲಿನಲ್ಲಿ, ನಮ್ಮ ಮನೆಯ ಅಂಗಳದಲ್ಲಿ. ಹುಟ್ಟಿಸಿದವಳು ನನ್ನ ಅಮ್ಮ. ಇಷ್ಟು ಖಂಡಿತವಾಗಿ ಹೇಳಬೇಕಾದ ಸಂದರ್ಭ ಮೊನ್ನೆ ಬಂತು. ಇಲ್ಲಿ ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಗೆ ಹೊಸದಾಗಿ ಸೊಸೆಯಾಗಿ ಬಂದ ಶ್ರುತಿ ಎನ್ನುವ ಹುಡುಗಿ ಕಾಂಪೌಂಡಿನ ಆಚೆಯಿಂದ ಕೂಗಿ ಕರೆದಳು. ಅವರ ಅಂಗಳದ ಮಾವಿನ ಮರದ ಕವಲಿನಲ್ಲಿ ಏನೋ ಬೆಳೆದಿದೆಯಂತೆ. ಮರ ಸವರುವವನು ನಾಳೆ ಬರುತ್ತಾನೆ, ಬಂದಳಿಕೆಯಾಗಿದ್ದರೆ ಕಡಿಸಿ ಹಾಕು ಎಂದು ಅವಳ ಗಂಡ ಹೇಳಿ ಹೋಗಿದ್ದನಂತೆ. ಹೋಗಿ ನೋಡಿದೆ. ಎಲೆ ಮುಟ್ಟಿದೆ, ಬೇರು ಮುಟ್ಟಿದೆ. ಬಂದಳಿಕೆಯಲ್ಲ, ಸೀತಾಳೆ ದಂಡೆ ಎಂದೆ. ಅವಳ ಮುಖ ಅರಳಿತು, ಅರಳಿದಷ್ಟೇ ಬೇಗ ಬಾಡಿತು.

“ಅಯ್ಯೋ ಆಂಟಿ, ಅದಾ? ಅದನ್ನ ಮನೆ ಒಳಗೆ ತರಬಾರದಂತೆ. ಆಗಿಬರಲ್ವಂತೆ. ನಮ್ಮಜ್ಜಿ ಹೇಳ್ತಿದ್ರು.”

“ಯಾವೂರು ನಿಮ್ಮಜ್ಜಿದು?”

“ಭದ್ರಾವತಿ. ಫ್ಯಾಕ್ಟರಿ ಕ್ವಾರ್ಟರ್ಸಲ್ಲಿದ್ರು.”

ನನಗೆ ಮೊದಲು ನಗು ಬಂತು, ಅದರ ಬೆನ್ನಿಗೇ ಸಿಟ್ಟು ಬಂತು. ನಗು ಬಂದದ್ದು, ಒಬ್ಬ ಹೆಂಗಸಿನ ಹಟ ಇಷ್ಟು ವರ್ಷ ಬದುಕಿ, ಬಸ್ಸು ಹತ್ತಿ ಶಿವಮೊಗ್ಗದ ತನಕ ಬಂದಿತಲ್ಲ ಎಂದು. ಸಿಟ್ಟು ಬಂದದ್ದು ‘ಆಗಿಬರಲ್ಲ’ ಎನ್ನುವ ಮಾತಿಗೆ. ಆಗಿಬರದಿರುವುದಕ್ಕೆ ಆ ಹೂವು ಯಾರಿಗೆ ಏನು ಮಾಡಿತ್ತು? ಈ ಅಧ್ಯಾಯವನ್ನು ಆ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ನಮ್ಮದು ಸಾಲಿನ ಕೊನೆಯ ಮನೆ. ಮುಂದೆ ಚಿಕ್ಕದೊಂದು ವರಾಂಡ, ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು, ಅಷ್ಟೇ. ಆದರೆ ಕೊನೆಯ ಮನೆಯಾದ್ದರಿಂದ ಬೇರೆಯವರಿಗಿಲ್ಲದ ಅಂಗಳ ನಮಗಿತ್ತು, ಅಂಗಳದಲ್ಲೊಂದು ಮಾವಿನ ಮರವಿತ್ತು. ಸಾಲಿನವರೆಲ್ಲ ಕಾರ್ಖಾನೆಯ ಸೈರನ್ನಿಗೆ ಏಳುತ್ತಿದ್ದೆವು, ಸೈರನ್ನಿಗೆ ಉಣ್ಣುತ್ತಿದ್ದೆವು. ಚಿಮಣಿಯ ಮಸಿ ಒಣಹಾಕಿದ ಬಟ್ಟೆ, ಹಪ್ಪಳ, ತುಳಸಿ ಎಲ್ಲದರ ಮೇಲೂ ಭೇದವಿಲ್ಲದೆ ಕೂರುತ್ತಿತ್ತು. ಪಕ್ಕದ ಮನೆಯಲ್ಲಿ ತಮಿಳಿನ ಸೆಲ್ವಿಯಕ್ಕ, ಅವರಾಚೆ ತೆಲುಗಿನವರು, ಅವರಾಚೆ ದಾವಣಗೆರೆ ಕಡೆಯವರು. ನಲ್ಲಿಯಲ್ಲಿ ನೀರು ಬರುವ ಹೊತ್ತಿಗೆ ನಾಲ್ಕು ಭಾಷೆಯ ಜಗಳ ಒಟ್ಟಿಗೇ ಶುರುವಾಗಿ, ನೀರು ನಿಂತಾಗ ಒಟ್ಟಿಗೇ ಮುಗಿಯುತ್ತಿತ್ತು. ಅಪ್ಪ ಕಾರ್ಖಾನೆಯಲ್ಲಿ ಚಾರ್ಜ್‌ಮನ್ ಆಗಿದ್ದರು. ಒಂದು ಶೆಡ್ಡಿನ ಜನರನ್ನು ನಡೆಸಲು ಯಂತ್ರಗಳ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲಿಗೆ ಮೆತ್ತಗೆ ಮಾತಾಡುವುದು ಮರೆತೇ ಹೋಗಿತ್ತು. ಕುಡಿಯುವವರಲ್ಲ, ಕೈ ಮಾಡುವವರಲ್ಲ. ಅವರಿಗಿದ್ದದ್ದು ಒಂದೇ ರೋಗ: ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಗಂಡಸಿಗೆ ಅವಮಾನ ಎಂದು ನಂಬಿದ್ದರು.

ಆ ಮಾತು ಅವರು ಆಡಿದ್ದು ತಮ್ಮ ಮದುವೆಯ ಮನೆಯಲ್ಲಿ. ಅಮ್ಮನ ತವರು ಆಯನೂರಿನ ಆಚೆಯ ಒಂದು ಹಳ್ಳಿ, ಅವಳ ಅಪ್ಪ ಅಲ್ಲಿ ಮೇಷ್ಟರು. ಮದುವೆಯ ಊಟದಲ್ಲಿ ಗಂಡಿನ ಕಡೆಯ ಹಿರಿಯರು, ಅಂದರೆ ನನ್ನ ಅಪ್ಪನ ದೊಡ್ಡಪ್ಪ, ಎರಡನೇ ಪಂಕ್ತಿಗೆ ಕೂರಬೇಕಾಯಿತಂತೆ. ಅವರ ಎಲೆಯ ಹತ್ತಿರ ಬರುವಷ್ಟರಲ್ಲಿ ಪಾಯಸದ ಕೊಳಗ ಖಾಲಿಯಾಗಿತ್ತಂತೆ. ದೊಡ್ಡಪ್ಪನವರು ಮಜ್ಜಿಗೆ ಉಂಡು ಎದ್ದು ಸುಮ್ಮನೆ ಕೈ ತೊಳೆದರು. ಸುಮ್ಮನಿರಲಾರದೆ ಹೋದವರು ಮದುಮಗ. ಚಪ್ಪರದ ಕೆಳಗೆ ಎಲ್ಲರೆದುರು ನಿಂತು ಅಂದುಬಿಟ್ಟರು.

“ಈ ಮನೆಯ ಒಂದು ಕಡ್ಡೀನೂ ನನ್ನ ಹೊಸ್ತಿಲು ದಾಟಕೂಡದು.”

ಒಂದು ಪಾಯಸಕ್ಕೆ ಇಷ್ಟು! ಅಮ್ಮನಿಗೆಂದು ಜೋಡಿಸಿಟ್ಟಿದ್ದ ಪಾತ್ರೆ, ಟ್ರಂಕು, ಹಾಸಿಗೆ ಎಲ್ಲವೂ ಚಪ್ಪರದಲ್ಲೇ ಉಳಿದವು. ಆಮೇಲೆ ತವರಿಗೆ ಹೋಗಬೇಡ ಎಂದು ಅಪ್ಪ ಯಾವತ್ತೂ ಹೇಳಲಿಲ್ಲ. ಹೋಗಬಹುದಿತ್ತು, ಬರುವಾಗ ಬರಿಗೈಯಲ್ಲಿ ಬರಬೇಕಿತ್ತು. ಅಜ್ಜಿ ಕಟ್ಟಿಕೊಟ್ಟ ಮಿಡಿಗಾಯಿ, ಸಂಡಿಗೆಗಳನ್ನು ಅಮ್ಮ ಬಸ್ಸು ಹತ್ತುವ ಮೊದಲೇ ಯಾರಿಗಾದರೂ ಕೊಟ್ಟುಬಿಡುತ್ತಿದ್ದಳು. ನಾನು ಅಳುತ್ತಿದ್ದೆ. ಅವಳು ಅಳುತ್ತಿರಲಿಲ್ಲ. ಅವಳು ಮಾಡುತ್ತಿದ್ದ ಕೆಲಸವೇ ಬೇರೆ. ದಿನಾ ಮಧ್ಯಾಹ್ನ ತವರಿನ ಹದದಲ್ಲೇ ತಂಬುಳಿ ಮಾಡುತ್ತಿದ್ದಳು. ಅಜ್ಜಿ ಜೀರಿಗೆ ಮೆಣಸು ಹುರಿಯುವಷ್ಟೇ ಹುರಿದು, ಅಜ್ಜಿ ಕಡೆಯುವಷ್ಟೇ ನುಣ್ಣಗೆ ಕಡೆದು. ಕಡ್ಡಿಯನ್ನು ತಡೆದವರು ರುಚಿಯನ್ನು ಎಲ್ಲಿ ತಡೆಯುತ್ತೀರಿ? ಅಪ್ಪ ಲೋಟಕ್ಕೆ ಹಾಕಿಸಿಕೊಂಡು ಕುಡಿಯುತ್ತಿದ್ದರು, ಎರಡನೇ ಸಲ ಲೋಟ ಮುಂದೆ ಚಾಚುತ್ತಿದ್ದರು. ಬಡಿಸುವಾಗ ಅಮ್ಮನ ಮುಖದಲ್ಲಿ ಕಾಣುತ್ತಿದ್ದ ಗೆಲುವು ಏನೆಂದು ನನಗೆ ಆಗ ಗೊತ್ತಾಗುತ್ತಿರಲಿಲ್ಲ.

ಮಾವಿನ ಮರದ ಮೊದಲ ಕವಲಿನಲ್ಲಿ ಸೀತಾಳೆ ದಂಡೆ ಇತ್ತು. ನಾನು ಕಣ್ಣು ಬಿಟ್ಟಾಗಿನಿಂದ ಇತ್ತು. ಮರ ಇದ್ದ ಹಾಗೆ ಅದೂ ಇದೆ ಎಂದುಕೊಂಡಿದ್ದೆ, ಅಪ್ಪನೂ ಹಾಗೆಯೇ ಅಂದುಕೊಂಡಿದ್ದರು. ವರ್ಷವೆಲ್ಲ ಅದರ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಅಮ್ಮನೊಬ್ಬಳನ್ನು ಬಿಟ್ಟು. ಅವಳು ಬಟ್ಟೆ ಒಗೆದು ಮುಗಿದ ಮೇಲೆ ಒಂದು ಚೊಂಬು ನೀರನ್ನು ಅದರ ಮೇಲೆ ಎರಚಿ ಎಲೆಯ ಮಸಿ ತೊಳೆಯುತ್ತಿದ್ದಳು. ಕಾರಹುಣ್ಣಿಮೆ ಹತ್ತಿರವಾಗಿ ಮೊದಲ ಮಳೆ ಬಿದ್ದರೆ ಹೂವು ಶುರು. ಗೇಣಿಗಿಂತ ಉದ್ದದ ದಂಡೆ ಕೆಳಮುಖವಾಗಿ ಇಳಿಬೀಳುತ್ತಿತ್ತು. ಒಂದರ ಪಕ್ಕ ಒಂದು ಒತ್ತೊತ್ತಾಗಿ ಕೂತ ಪುಟ್ಟ ಹೂಗಳು, ಬಿಳಿಯ ಮೇಲೆ ನೇರಳೆ ಚುಕ್ಕೆ, ನಡುವಿನ ತುಟಿ ಮಾತ್ರ ಪೂರ್ತಿ ನೇರಳೆ. ಯಾರೂ ಕಟ್ಟಬೇಕಾಗಿಲ್ಲ, ಕಟ್ಟಿಕೊಂಡೇ ಹುಟ್ಟಿದ ಹೂವು. ಸೀತೆ ಕಾಡಿನಲ್ಲಿ ಮುಡಿಯುತ್ತಿದ್ದಳಂತೆ, ಕಾಡಿನಲ್ಲಿ ಬಾಳೆನಾರು ಎಲ್ಲಿ ಹುಡುಕಬೇಕು ಹೇಳಿ. ಅಮ್ಮ ಒಂದು ದಂಡೆ ಕೊಯ್ದು ಜಡೆಗೆ ಸಿಕ್ಕಿಸಿಕೊಂಡು ಅಂಗಳದ ಕೆಲಸವನ್ನೆಲ್ಲ ಮಾಡುತ್ತಿದ್ದಳು. ಒಳಗೆ ಹೋಗಬೇಕಾದಾಗ ಹೂವನ್ನು ತಲೆಯಿಂದ ತೆಗೆದು, ಗೋಡೆಗೆ ಒರಗಿಸಿಟ್ಟ ಅಪ್ಪನ ಸೈಕಲ್ಲಿನ ಹ್ಯಾಂಡಲ್ಲಿಗೆ ನೇತುಹಾಕಿ ಒಳಗೆ ಹೋಗುತ್ತಿದ್ದಳು. ಹೊರಗೆ ಬಂದರೆ ಮತ್ತೆ ಮುಡಿಯುತ್ತಿದ್ದಳು. ಕೆಲವು ಸಲ ಅಪ್ಪ ಗಡಿಬಿಡಿಯಲ್ಲಿ ಶಿಫ್ಟಿಗೆ ಹೊರಟು ಹ್ಯಾಂಡಲ್ಲಿನಲ್ಲಿ ದಂಡೆ ತೂಗಾಡಿಸಿಕೊಂಡೇ ಕಾರ್ಖಾನೆಗೆ ಹೋಗುತ್ತಿದ್ದರು. ಗೇಟಿನಲ್ಲಿ ಜೊತೆಯವರು ಮದುವೆಯ ಗಾಡಿ ಬಂತು ಎಂದು ರೇಗಿಸುತ್ತಿದ್ದರಂತೆ. ಮನೆಗೆ ಬಂದು ಅವರೇ ನಗುತ್ತಾ ಹೇಳುತ್ತಿದ್ದರು.

ಈ ಹೂವು ಒಳಗೆ ಬರಬಾರದ್ದು ಎಂದು ನಾನೇ ತೀರ್ಮಾನ ಮಾಡಿಕೊಂಡೆ. ಮಕ್ಕಳು ಕೇಳುವುದಿಲ್ಲ, ನೋಡಿ ತಿಳಿದುಕೊಳ್ಳುತ್ತವೆ. ಒಂದು ದಿನ ಸೆಲ್ವಿಯಕ್ಕ ನಲ್ಲಿಯ ಹತ್ತಿರ ಕೇಳಿಯೇಬಿಟ್ಟರು.

“ಏನ್ಮಾ, ಇಷ್ಟು ಅಳಗಾ ಇರೋ ಹೂವ ಹೊರಗೇ ಬಿಟ್ಟು ಹೋಗ್ತಾರಲ್ಲ ನಿಮ್ಮಮ್ಮ?”

“ಅದನ್ನ ಒಳಗೆ ತರಬಾರದು ಸೆಲ್ವಿಯಕ್ಕ. ಶಾಸ್ತ್ರ.”

ಎಷ್ಟು ಗತ್ತಿನಿಂದ ಹೇಳಿದ್ದೆನೆಂದರೆ ಶಾಸ್ತ್ರ ಅವತ್ತೇ ಸಾಲು ಪೂರ್ತಿ ಹರಡಿತು. ಶಾಸ್ತ್ರಕ್ಕೆ ಕಾರಣ ಬೇಕಲ್ಲ, ಕಾರಣವನ್ನು ಅವರವರೇ ಒದಗಿಸಿಕೊಂಡರು. ಒಳಗೆ ತಂದರೆ ಸೀತೆಯ ವನವಾಸ ಮನೆಗೆ ಬರುತ್ತದೆ ಎಂದರು ಒಬ್ಬರು. ಹಾವು ಬರುತ್ತದೆ ಎಂದರು ತೆಲುಗಿನವರು. ಮದುವೆಗೆ ಬಂದ ಹೆಣ್ಣುಮಕ್ಕಳಿರುವ ಮನೆಗಂತೂ ಬೇಡವೇ ಬೇಡ ಎಂದರು ದಾವಣಗೆರೆಯವರು. ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ಹೌದು ಎನ್ನದೆ ಅಲ್ಲ ಎನ್ನದೆ, ಬಟ್ಟೆ ಹಿಂಡುತ್ತಿದ್ದಳು.

ಹೂವಿಲ್ಲದ ತಿಂಗಳುಗಳಲ್ಲಿ ಅವಳು ನನಗೆ ಅದನ್ನು ಗುರುತು ಹಿಡಿಯಲು ಕಲಿಸಿದಳು. ಮರದ ಕೆಳಗೆ ಸ್ಟೂಲು ಹಾಕಿ, ನನ್ನನ್ನು ಅದರ ಮೇಲೆ ನಿಲ್ಲಿಸಿ.

“ಹೂವಿದ್ದಾಗ ಯಾರು ಬೇಕಾದ್ರೂ ಹೇಳ್ತಾರೆ. ಹೂವಿಲ್ಲದಾಗ ಹೇಳಬೇಕು. ಎಲೆ ಮುಟ್ಟು. ಏನನ್ಸುತ್ತೆ?”

ದಪ್ಪ, ತೊಗಲಿನ ಹಾಗೆ. ಎರಡೂ ಕಡೆಗೆ ಸಾಲಾಗಿ ಒಂದರ ಬುಡದಲ್ಲಿ ಒಂದು ಹೊರಟ ಎಲೆಗಳು. ಪ್ರತಿ ಎಲೆಯೂ ಉದ್ದಕ್ಕೆ ಮಡಿಸಿದಂತಿದ್ದು, ಸೂರಿನ ನೀರು ಹೋಗುವ ದೋಣಿಯ ಹಾಗೆ ನಡುವೆ ತಗ್ಗು. ಬೆಳಕಿಗೆ ಹಿಡಿದರೆ ಉದ್ದುದ್ದಕ್ಕೆ ತೆಳುಬಣ್ಣದ ಗೆರೆ. ತುದಿಯಂತೂ ಮರೆಯುವ ಹಾಗೇ ಇಲ್ಲ, ಚೂಪೂ ಅಲ್ಲ ಗುಂಡಗೂ ಅಲ್ಲ, ಇಲಿ ಕಡಿದು ಬಿಟ್ಟ ಹಾಗೆ ಒಂದು ಪಕ್ಕ ಉದ್ದ ಒಂದು ಪಕ್ಕ ಗಿಡ್ಡ. ಇದೇ ಜಾತಿಯ ಇನ್ನೊಂದು ಇದೆ, ಅದರ ಎಲೆ ಚಪ್ಪಟೆ, ತುದಿ ಅಚ್ಚುಕಟ್ಟಾಗಿ ಎರಡು ಭಾಗ, ಹೂವಿನ ಗೊಂಚಲು ಕವಲೊಡೆಯುತ್ತದೆ, ಪರಿಮಳ ಜಾಸ್ತಿ. ಅದೂ ಚೆಂದವೇ, ಆದರೆ ಅಮ್ಮನ ಲೆಕ್ಕದಲ್ಲಿ ಸೀತಾಳೆ ಅದಲ್ಲ. ಆಮೇಲೆ ಬೇರು. ಬೆರಳಿನಷ್ಟು ದಪ್ಪದ ಬೇರುಗಳು ತೊಗಟೆಯ ಮೇಲೆ ಹರಿದಾಡಿ ಹಿಡಿದುಕೊಂಡಿರುತ್ತವೆ, ಕೆಲವು ಗಾಳಿಯಲ್ಲೇ ಇಳಿಬಿದ್ದಿರುತ್ತವೆ. ಒಣಗಿದ್ದಾಗ ಬೆಳ್ಳಿಯ ಬಣ್ಣ. ನೀರು ಎರಚಿದರೆ ನೋಡನೋಡುತ್ತಿದ್ದಂತೆ ಹಸಿರಾಗುತ್ತವೆ.

“ಬಂದಳಿಕೆಗೆ ಹಿಂಗೆ ಬೇರಿರಲ್ಲ. ಅದು ಕೊಂಬೆ ಒಳಗೇ ಹಲ್ಲು ಊರುತ್ತೆ. ಅದು ಕೂತ ಜಾಗದಲ್ಲಿ ಕೊಂಬೆ ಗಂಟಾಗಿ ಊದ್ಕೊಂಡಿರುತ್ತೆ, ಕಿತ್ರೆ ಕೊಂಬೇನೇ ಮುರಿಯುತ್ತೆ. ಇದು ಮರದಿಂದ ಒಂದು ತೊಟ್ಟು ನೀರೂ ತಗೊಳ್ಳಲ್ಲ. ಕೂರೋದಕ್ಕೆ ಒಂದಿಷ್ಟು ಜಾಗ, ಅಷ್ಟೇ. ಮಿಕ್ಕಿದ್ದು ಮಳೆ ಕೊಡುತ್ತೆ, ಗಾಳಿ ಕೊಡುತ್ತೆ.”

ನಾನು ಏಳನೇ ಕ್ಲಾಸು ಮುಗಿಸಿದ ಬೇಸಗೆಯಲ್ಲಿ ಮಾವು ಕೈಕೊಟ್ಟಿತು. ಎಣಿಸಿ ಬುಟ್ಟಿಗೆ ಹಾಕುವಷ್ಟೂ ಕಾಯಿ ಬಿಡಲಿಲ್ಲ. ಅಪ್ಪ ಮರವನ್ನು ಸುತ್ತ ತಿರುಗಿ ನೋಡಿ, ಬಂದಳಿಕೆ ಹೀರುತ್ತಿದೆ ಎಂದು ತೀರ್ಪು ಕೊಟ್ಟರು. ತೀರ್ಪು ಅರ್ಧ ಸರಿಯಿತ್ತು, ಆಚೆ ಕಡೆಯ ಕೊಂಬೆಯಲ್ಲಿ ನಿಜವಾದ ಬಂದಳಿಕೆ ಇತ್ತು. ಮಳೆಗಾಲಕ್ಕೆ ಮೊದಲು ಕಾರ್ಖಾನೆಯ ತೋಟದವರು ಕ್ವಾರ್ಟರ್ಸಿನ ಮರಗಳನ್ನು ಸವರುತ್ತಿದ್ದರು. ಅವರ ಪದ್ಧತಿ ಸರಳ, ಮರದ ಮೇಲೆ ಮರದ್ದಲ್ಲದ್ದು ಏನಿದ್ದರೂ ಕಡಿ, ಮೇಕೆಗೆ ಹಾಕು. ಒಂದು ಮಧ್ಯಾಹ್ನ ಅಪ್ಪ ಶಿಫ್ಟ್ ಮುಗಿಸಿ ಬರುವಾಗ ಮೇಸ್ತ್ರಿ ರಂಗಪ್ಪನನ್ನೂ ಇನ್ನೊಬ್ಬನನ್ನೂ ಜೊತೆಗೇ ಕರೆತಂದರು. ರಂಗಪ್ಪನ ಕೈಯಲ್ಲಿ ಉದ್ದನೆಯ ದೋಟಿ, ಅದರ ತುದಿಗೆ ಕುಡುಗೋಲು. ಅದು ಮೊದಲು ಹೋದದ್ದೇ ಕೈಗೆಟುಕುವ ಕವಲಿಗೆ. ದೊಡ್ಡವಳಾದ ಹುಡುಗಿ ಮರ ಹತ್ತಬಾರದು ಎಂದು ನಮ್ಮ ಮನೆಯಲ್ಲಿ ಆ ವರ್ಷವಷ್ಟೇ ಕಾನೂನು ಬಂದಿತ್ತು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಹತ್ತಿದೆ. ಹತ್ತಿ, ಕವಲಿಗೆ ಅಡ್ಡ ಕೂತೆ.

“ಏ ಜಯಾ, ಇಳಿ ಕೆಳಗೆ.”

“ಇಳಿಯಲ್ಲ.”

ಅಪ್ಪನಿಗೆ ಹಾಗೆ ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಹೆದರಿಕೆ ಬಂತು, ನಿಜ. ಜೊತೆಗೆ ಇನ್ನೇನೋ ಬಂತು. ಅದರ ರುಚಿ ಹತ್ತಿದ್ದು ಇವತ್ತಿಗೂ ಬಿಟ್ಟಿಲ್ಲ.

“ಇದು ಬಂದಳಿಕೆ ಅಲ್ಲ ಅಪ್ಪ. ಬಂದಳಿಕೆ ಆ ಕಡೆ ಕೊಂಬೇಲಿದೆ, ಗಂಟು ಕಾಣ್ತಿದೆ ನೋಡಿ. ಅದನ್ನ ಕಡೀಲಿ.”

“ಮರದ ಮೇಲೆ ಬೆಳೆಯೋದೆಲ್ಲ ಬಂದಳಿಕೇನೇ ಕಣಮ್ಮ,” ಎಂದ ರಂಗಪ್ಪ. “ಇಳಿ ಮಾರಾಯ್ತಿ, ನಮಗೆ ಇನ್ನೂ ಆ ಸಾಲು ಪೂರ್ತಿ ಇದೆ.”

ಗಲಾಟೆಗೆ ಹೊರಗೆ ಬಂದಿದ್ದ ಸೆಲ್ವಿಯಕ್ಕನ ಹತ್ತಿರ ಒಂದು ಚೊಂಬು ನೀರು ಕೇಳಿದೆ. ಅವರು ಸೀರೆ ಬಿಗಿದುಕೊಂಡು ಸ್ಟೂಲು ಹತ್ತಿ ಕೊಟ್ಟೇಬಿಟ್ಟರು. ಬೇರಿನ ಮೇಲೆ ಎರಚಿದೆ. ಹಸಿರಾಯಿತು. ರಂಗಪ್ಪ ದೋಟಿ ಇಳಿಸಿ ಹತ್ತಿರ ಬಂದು ನೋಡಿದ. ನಾನು ಗೆದ್ದೆ ಎಂದುಕೊಂಡೆ. ಅಪ್ಪ ನೋಡಲೂ ಇಲ್ಲ.

“ಹಸಿರೋ ಕೆಂಪೋ, ನನ್ನ ಮರದ ಮೇಲೆ ಬೇಡ ಅಂದೆ. ಕಡೀರಿ.”

ಆಗ ಅಮ್ಮ ಹೊರಗೆ ಬಂದಳು. ಪರ ಗಂಡಸರು ಅಂಗಳದಲ್ಲಿದ್ದರೆ ಅವಳು ಬಾಗಿಲ ಸಂದಿಯಿಂದ ನನ್ನ ಮೂಲಕವೇ ಮಾತಾಡುತ್ತಿದ್ದವಳು. ಅವತ್ತು ಕೈಯ ಹಿಟ್ಟನ್ನೂ ತೊಳೆಯದೆ ಬಂದು ದೋಟಿಗೂ ಮರಕ್ಕೂ ನಡುವೆ ನಿಂತಳು.

“ಅದು ನಂದು.”

“ಏನಂದೆ?”

“ಅದು ನಂದು. ನನ್ನ ತವರಿಂದು. ಮದುವೆಯಾಗಿ ಬಂದಾಗ ಒದ್ದೆ ಬಟ್ಟೇಲಿ ಸುತ್ತಿ ಚೀಲದಲ್ಲಿಟ್ಕೊಂಡು ಬಂದಿದ್ದೆ. ಬಾಗಿಲಲ್ಲಿ ನೀವು ಚೀಲ ಹೊರಗಿಡು ಅಂದ್ರಿ. ಹೊರಗಿಟ್ಟೆ. ನೀವು ಕೆಲಸಕ್ಕೆ ಹೋದ್ಮೇಲೆ ಸೀರೆ ಹರಿದು ಈ ಮರಕ್ಕೆ ಕಟ್ಟಿದೆ.”

ಕವಲಿನಲ್ಲಿ ಕೂತ ನಾನು ಬಗ್ಗಿ ಅದರ ಬೇರುಗಳನ್ನು ನೋಡಿದೆ. ಅದು ಮರದ ಜೊತೆಗೆ ಹುಟ್ಟಿದ್ದಲ್ಲ. ಅಪ್ಪನ ದನಿ ಏರಿತು.

“ಒಂದು ಕಡ್ಡೀನೂ ಬರಬಾರದು ಅಂದಿದ್ದೆ ನಾನು.”

“ಹೊಸ್ತಿಲು ದಾಟಬಾರದು ಅಂದಿದ್ರಿ. ದಾಟಿಲ್ಲ. ಒಂದು ಹೂವೂ ದಾಟಿಲ್ಲ. ಮುಡಿದದ್ದನ್ನ ತೆಗೆದಿಟ್ಟು ಒಳಗೆ ಬಂದಿದ್ದೀನಿ. ಈ ಅಂಗಳ ನಿಮ್ಮದಲ್ಲ, ಕಾರ್ಖಾನೇದು. ಮರಾನೂ ಕಾರ್ಖಾನೇದು. ನಿಮ್ಮ ಮಾತು ಇವತ್ತಿನ ತನಕ ನಾನು ಮೀರಿಲ್ಲ. ಇದನ್ನ ಕಡಿಸಿದ್ರೆ ಮೀರ್ತೀನಿ. ನಾಳೆ ನನ್ನ ತವರಿನ ಪಾತ್ರೆ ಪಗಡ ಎಲ್ಲಾ ಈ ಹೊಸ್ತಿಲು ದಾಟಿ ಬರುತ್ತೆ. ಬೇಕಾದ್ರೆ ಅಡ್ಡ ನಿಂತು ತಡೀರಿ.”

ಅಂಗಳದಲ್ಲಿ ಅಕ್ಕಪಕ್ಕದವರೆಲ್ಲ ಸೇರಿದ್ದರು. ಅಪ್ಪ ಅಮ್ಮನನ್ನು ನೋಡಿದರು, ಮರವನ್ನು ನೋಡಿದರು, ಆಮೇಲೆ ಗೋಡೆಗೆ ಒರಗಿಸಿದ್ದ ಸೈಕಲ್ಲನ್ನು ನೋಡಿದರು. ಅದರ ಹ್ಯಾಂಡಲ್ಲನ್ನು ಬಹಳ ಹೊತ್ತು ನೋಡಿದರು. ಮದುವೆಯ ಗಾಡಿ ಎಂದು ನಗಿಸಿಕೊಂಡು ಎಷ್ಟು ವರ್ಷ ಯಾರ ಮನೆಯ ಹೂವನ್ನು ತಾವು ಊರ ತುಂಬ ಹೊತ್ತು ತಿರುಗಿದ್ದೆವೆಂದು ಆಗ ಅವರಿಗೆ ಗೊತ್ತಾಗಿರಬೇಕು.

“ರಂಗಪ್ಪ, ಆ ಕಡೆ ಕೊಂಬೇದು ತೆಗೀರಿ,” ಎಂದರು. “ಇದು ಬಿಡಿ.”

ಅವತ್ತೂ ಎಂದಿನಂತೆ ಊಟಕ್ಕೆ ಕೂತೆವು. ಅಮ್ಮ ಅನ್ನ ಬಡಿಸಿದಳು, ಲೋಟಕ್ಕೆ ತಂಬುಳಿ ಹಾಕಿದಳು. ಅಪ್ಪ ಕುಡಿದರು. ಲೋಟವನ್ನು ಸ್ವಲ್ಪ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು, ಅದರಲ್ಲೂ ಏನೋ ಇದೆ ಎಂಬ ಗುಮಾನಿ ಬಂದವರ ಹಾಗೆ. ಆಮೇಲೆ ಮುಂದೆ ಚಾಚಿದರು. ಅಮ್ಮ ಹಾಕಿದಳು. ಅವರು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಇವಳು ಹೂವನ್ನು ಒಳಗೆ ತರಲಿಲ್ಲ. ನಿಜ ಸಂಗತಿ ಎಲ್ಲರಿಗೂ ಗೊತ್ತಾದ ಮೇಲೂ ಸಾಲಿನವರು ಶಾಸ್ತ್ರ ಬಿಡಲಿಲ್ಲ, ವನವಾಸ, ಹಾವು ಎಲ್ಲ ಆಗಲೇ ಬೇರು ಬಿಟ್ಟಿದ್ದವು. ನನ್ನನ್ನು ಮರ ಹತ್ತಿದ್ದಕ್ಕೆ ಯಾರೂ ಬಯ್ಯಲಿಲ್ಲ. ಮುಂದೆ ನಾನು ಓದಿದೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದೆ, ಬೇಡ ಎನ್ನಿಸಿದ್ದಕ್ಕೆ ಬೇಡ ಎಂದೆ. ಸೊಕ್ಕಿನವಳು ಎಂದರು. ಅನ್ನಲಿ. ಆ ಸೊಕ್ಕಿಗೆ ಭದ್ರಾವತಿಯಲ್ಲಿ ಒಂದು ಮಾವಿನ ಮರವಿತ್ತು ಎಂದು ಅವರಿಗೇನು ಗೊತ್ತು.

ಅಪ್ಪ ರಿಟೈರಾದ ಮೇಲೆ ವಿನೋಬನಗರದಲ್ಲಿ ಈ ಮನೆ ಕಟ್ಟಿಸಿದರು. ಕ್ವಾರ್ಟರ್ಸ್ ಬಿಡುವ ದಿನ ಅಮ್ಮ ಪಾತ್ರೆಗಳಿಗಿಂತ ಮೊದಲು ದಂಡೆಯ ಒಂದು ತುಂಡನ್ನು ಬೇರುಸಮೇತ ಬಿಡಿಸಿಕೊಂಡಳು. ಇಲ್ಲಿಯ ಅಂಗಳದ ಹಲಸಿನ ಮರಕ್ಕೆ ಮತ್ತೆ ಸೀರೆ ಹರಿದು ಕಟ್ಟಿದಳು. ಹೊಸ ಮನೆ, ಹೊಸ ಹೊಸ್ತಿಲು, ಹಳೇ ಪದ್ಧತಿ. ಸೈಕಲ್ ಹೋಗಿ ಸ್ಕೂಟರ್ ಬಂದಿತ್ತು, ದಂಡೆ ಅದರ ಕನ್ನಡಿಗೆ ನೇತಾಡುತ್ತಿತ್ತು. ವರ್ಷಗಳು ಕಳೆದು ಅಮ್ಮನ ಮಂಡಿ ಕೈಕೊಟ್ಟಿತು. ಮೆಟ್ಟಿಲಿಳಿದು ಅಂಗಳಕ್ಕೆ ಹೋಗುವುದು ಕಡಿಮೆಯಾಯಿತು. ಒಂದು ದಿನ ನಾನು ಮನೆಯಲ್ಲಿದ್ದೆ. ಮಳೆ ಬಂದು ನಿಂತಿತ್ತು. ಅಪ್ಪ ಹಲಸಿನ ಮರದಿಂದ ಒಂದು ದಂಡೆ ಕೊಯ್ದುಕೊಂಡು ಬಂದು, ಬಾಗಿಲ ಹೊರಗೆ, ಹೊಸ್ತಿಲಿಗೆ ಕಾಲು ತಾಗದ ಹಾಗೆ ನಿಂತರು. ಆ ಗಂಟಲಿಗೆ ಮೆತ್ತಗೆ ಮಾತಾಡಲು ಬರುತ್ತದೆಂದು ನನಗೆ ಅವತ್ತೇ ಗೊತ್ತಾದದ್ದು.

“ಏನೇ, ಒಳಗೆ ತರ್ಲಾ? ಅದು ಆವತ್ತಿನ ಮಾತು. ನಾನು ಬಿಟ್ಟುಬಿಟ್ಟಿದ್ದೀನಿ.”

ಅಮ್ಮ ನಡುಮನೆಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿ ಹೂವನ್ನು ನೋಡಿದಳು, ಹಿಡಿದವರನ್ನು ನೋಡಿದಳು. ಕಣ್ಣಲ್ಲಿ ನೀರು ಬಂತು. ನಾನು ಕಂಡೆ. ಆದರೆ ದನಿ ಸ್ವಲ್ಪವೂ ಅಲುಗಲಿಲ್ಲ.

“ನೀವು ಬಿಟ್ಟಿರಬಹುದು, ನಾನು ಬಿಟ್ಟಿಲ್ಲ. ಆಡಿದ್ದು ನೀವು, ನಡೆಸಿದ್ದು ನಾನು. ಬಿಡೋದಿದ್ರೆ ನಾನು ಬಿಡ್ಬೇಕು. ಹೂವು ಹೊರಗೇ ಇರಲಿ, ನಾನೇ ಬರ್ತೀನಿ. ಕುರ್ಚಿ ಹಾಕಿ.”

ಅಪ್ಪ ಹೂವನ್ನು ಸ್ಕೂಟರಿನ ಕನ್ನಡಿಗೆ ತಗುಲಿಸಿ, ಒಳಗೆ ಬಂದು, ನಡುಮನೆಯ ಕುರ್ಚಿಯನ್ನು ತಾವೇ ಎತ್ತಿ ಅಂಗಳಕ್ಕೆ ಒಯ್ದರು. ನಾನು ಕೈ ಕೊಡಲು ಹೋದರೆ ಬೇಡ ಎಂದರು. ಅಮ್ಮ ಗೋಡೆ ಹಿಡಿದುಕೊಂಡು ಇಳಿದು ಹೋಗಿ ಕೂತಳು. ಕನ್ನಡಿಯಿಂದ ದಂಡೆ ತೆಗೆದು ಬಿಳಿ ಜಡೆಗೆ ಸಿಕ್ಕಿಸಿಕೊಂಡಳು. ಅದಾದ ಮೇಲೆ ಪ್ರತಿ ವರ್ಷ, ಅವರಿಬ್ಬರೂ ಇರುವ ತನಕ, ಹೂವಿನ ತಿಂಗಳಿನಲ್ಲಿ ನಮ್ಮ ಮನೆಯ ಕುರ್ಚಿಗಳು ಅಂಗಳದಲ್ಲೇ ಇರುತ್ತಿದ್ದವು. ಕಾಫಿ ಅಲ್ಲೇ, ಪೇಪರ್ ಅಲ್ಲೇ, ಜಗಳವೂ ಅಲ್ಲೇ.

ಮೊನ್ನೆ ಶ್ರುತಿ ಕಾಂಪೌಂಡಿನ ಆಚೆ ಕಾಯುತ್ತಾ ನಿಂತಿದ್ದಳು. ಅವಳ ಮಾವಿನ ಮರಕ್ಕೆ ಅದನ್ನು ಯಾರೂ ಕಟ್ಟಿರಲಿಲ್ಲ. ಅದರ ಬೀಜ ವಿಭೂತಿಯ ಪುಡಿಗಿಂತ ನಯ, ನಮ್ಮ ಹಲಸಿನಿಂದ ಗಾಳಿಗೆ ಹಾರಿ ಗೋಡೆ ದಾಟಿ ಹೋಗಿ ಕೂತಿರಬೇಕು. ಹೂವಿಗೆ ಇನ್ನೂ ಸ್ವಲ್ಪ ದಿನವಿತ್ತು, ಎಲೆಗಳ ಸಂದಿಯಲ್ಲಿ ದಂಡೆಯ ಮೂತಿ ಆಗಲೇ ಹೊರಬಂದಿತ್ತು.

“ಮತ್ತೆ ಏನ್ ಮಾಡ್ಲಿ ಆಂಟಿ? ಒಳಗೆ ತರಬಾರದು ಅನ್ನೋದು ನಿಜಾನಾ?”

“ನಿಜ ಕಣೆ,” ಎಂದೆ. “ತರಬೇಡ. ಕುರ್ಚಿ ಹೊರಗೆ ಹಾಕು. ನಿನ್ನ ಗಂಡನ ಕೈಲಿ ಹಾಕಿಸು.”